ಬಾಡಿಗೆ, ಭೋಗ್ಯ, ಸ್ವಂತ ಮನೆ: ವಕೀಲರನ್ನು ಕೇಳಿ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಆಸ್ತಿ ದಾಖಲೆ, ಸಾಲದ ವ್ಯಾಜ್ಯ ನೋಡುವ ವಕೀಲರು ಇವತ್ತು ಗುಂಪಿನಲ್ಲಿದ್ದಾರೆ. ಬಾಡಿಗೆಗೆ ಇರೋದು ಲಾಭವೋ, ಮನೆ ಕೊಳ್ಳೋದು ಲಾಭವೋ ಅನ್ನೋದು ವಿಷಯ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕೆಂಗೇರಿ: ಮೇಡಂ, ನಾವಿರುವ ಫ್ಲ್ಯಾಟಿಗೆ ಬಾಡಿಗೆ 24,000. ಮಾಲೀಕರು ಅದನ್ನೇ 80 ಲಕ್ಷಕ್ಕೆ ಕೊಡ್ತೀನಿ ಅಂತಾರೆ. ಕೈಯಲ್ಲಿ 20 ಲಕ್ಷ ಇದೆ. 60 ಲಕ್ಷ ಸಾಲ ಮಾಡಿ ತಗೋಬಹುದಾ?

ವಕೀಲರು: 60 ಲಕ್ಷಕ್ಕೆ 8.5% ಬಡ್ಡಿ, 20 ವರ್ಷ ಅಂದ್ರೆ ಕಂತು ಸುಮಾರು 52,000. ಮೊದಲ ಕಂತಿನಲ್ಲಿ 42,500 ಬರೀ ಬಡ್ಡಿ. ನೋಂದಣಿ ಖರ್ಚು ಲೆಕ್ಕ ಹಾಕಿದ್ದೀರಾ? 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ 5%. ಸೆಸ್, ಸರ್‌ಚಾರ್ಜ್ ಸೇರಿದರೆ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ 1ರಿಂದ 2% ಆಯಿತು. ಒಟ್ಟು 7.6%. ನಿಮ್ಮ ಮನೆಗೆ 6 ಲಕ್ಷ 8 ಸಾವಿರ. ಇದಕ್ಕೆ ಗೃಹಸಾಲ ಸಿಗೋದಿಲ್ಲ, ಕೈಯಿಂದಲೇ ಹಾಕಬೇಕು. ಹಾಗಾಗಿ ನಿಮ್ಮ 20 ಲಕ್ಷ ಸಾಲದು.
ಈಗ ನೀವು ಕೊಡುವ ಬಾಡಿಗೆ ಮನೆ ಬೆಲೆಯ 3.6% ಅಷ್ಟೇ. ಸಾಲದ ಬಡ್ಡಿ 8.5%. ಮನೆ ಬೆಲೆ ಚೆನ್ನಾಗಿ ಏರಿದರೆ ಮಾತ್ರ ಈ ಅಂತರ ತುಂಬುತ್ತದೆ. ಅದೇ ಜಾಗದಲ್ಲಿ ಹತ್ತು ವರ್ಷದ ಮೇಲೆ ಇರ್ತೀರಾ, ಕಂತು ಕಟ್ಟಿದ ಮೇಲೂ ಸಂಸಾರ ಸಲೀಸಾಗಿ ನಡೆಯುತ್ತಾ? ಹಾಗಿದ್ರೆ ಕೊಳ್ಳಿ. ನಾಲ್ಕೈದು ವರ್ಷಕ್ಕೆ ಊರು ಬಿಡುವ ಕೆಲಸ ಆದ್ರೆ ಬಾಡಿಗೆಯೇ ವಾಸಿ.

ಯಲಹಂಕ: ಕಂತು ಅಂದ್ರೆ ನಮ್ಮ ಮನೆಗೆ ನಾವೇ ಕೊಡೋ ಬಾಡಿಗೆ. ಬಾಡಿಗೆ ಅಂದ್ರೆ ನೀರಿಗೆ ಹಾಕಿದ ದುಡ್ಡು. ಇಷ್ಟು ಲೆಕ್ಕ ಯಾಕೆ?

ಎಚ್‌ಎಸ್‌ಆರ್: ಸರ್, ತಿಂಗಳಿಗೆ 42,500 ಬಡ್ಡಿ ಹೋದರೆ ಅದೂ ನೀರಿಗೆ ಹಾಕಿದ ದುಡ್ಡೇ ಅಲ್ವಾ? ನಾನು ಬಾಡಿಗೆ ಕೊಟ್ಟು ಉಳಿದದ್ದನ್ನು ಎಸ್‌ಐಪಿಗೆ (ಮ್ಯೂಚುವಲ್ ಫಂಡಿನ ತಿಂಗಳ ಕಂತು) ಹಾಕ್ತೀನಿ.

ಯಲಹಂಕ: ಹಾಕ್ತೀನಿ ಅನ್ನೋರು ಬಹಳ ಜನ. ನಿಜವಾಗಿ ಹಾಕೋರು ಎಷ್ಟು ಜನ? ಕಂತು ಇದ್ರೆ ದುಡ್ಡು ತಾನಾಗೇ ಉಳಿಯುತ್ತೆ.

ವಕೀಲರು: ಯಲಹಂಕದವರು ಹೇಳಿದ ಕೊನೇ ಮಾತು ಸರಿ. ಉಳಿತಾಯದ ಅಭ್ಯಾಸ ಇಲ್ಲದವರಿಗೆ ಕಂತು ಒಂದು ಕಟ್ಟುಪಾಡು.

ನೆಲಮಂಗಲ: ಮೇಡಂ, ಬಿ ಖಾತಾ (ಪೂರ್ತಿ ಸಕ್ರಮ ಆಗದ) ಸೈಟಿನ ಮೇಲೆ ಮನೆ ಕಟ್ಟಲು ಸಾಲ ಸಿಗುತ್ತಾ?

ರಾಜಾಜಿನಗರ: (ಫಾರ್ವರ್ಡ್ ಮಾಡಿದ್ದು) 12 ವರ್ಷ ಒಂದೇ ಮನೆಯಲ್ಲಿದ್ದ ಬಾಡಿಗೆದಾರನೇ ಮಾಲೀಕ! ಹೊಸ ಕಾನೂನು! ಎಲ್ಲರಿಗೂ ತಲುಪಿಸಿ!

ವಕೀಲರು: ಸುಳ್ಳು. ಮಾಲೀಕರ ಒಪ್ಪಿಗೆಯಿಂದ ಒಳಗೆ ಬಂದವರು 12 ಅಲ್ಲ, 30 ವರ್ಷ ಇದ್ದರೂ ಬಾಡಿಗೆದಾರರೇ. ಇದನ್ನು ನಂಬಿ ಬಾಡಿಗೆ ನಿಲ್ಲಿಸಿದರೆ ಬಾಕಿ ಸಮೇತ ಮನೆ ಖಾಲಿ ಮಾಡಬೇಕಾಗುತ್ತದೆ.

ಹಾಸನ: ಸಾಲ ಮಾಡಿದ್ರೆ ತೆರಿಗೆ ಉಳಿಯುತ್ತೆ ಅಂತಾರಲ್ಲ ಮೇಡಂ?

ವಕೀಲರು: ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ಸ್ವಂತ ವಾಸದ ಮನೆಗೆ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಗೆ ತೆರಿಗೆ ವಿನಾಯಿತಿ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ, ಬಾಡಿಗೆ ಭತ್ಯೆಯ ವಿನಾಯಿತಿಯೂ ಇಲ್ಲ.

ಕಾಮಾಕ್ಷಿಪಾಳ್ಯ: ಮೇಡಂ, ನಮ್ಮದು ಬೇರೆ ಥರ. ಊರಿನ ಜಮೀನು ಮಾರಿದ ನನ್ನ ಪಾಲು 14 ಲಕ್ಷ ಇದೆ. ಒಡವೆ ಇಟ್ಟು 4 ಲಕ್ಷ ತಂದು, 18 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ (ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ವಾಪಸ್) ಮನೆ ಹಿಡಿಯೋಣ ಅಂತಿದ್ದೇವೆ. ಎರಡನೇ ಮಹಡಿ, ಎರಡು ರೂಮು. ಬಾಡಿಗೆಗಾದ್ರೆ 18,000 ಆಗುತ್ತೆ. ಟೋಕನ್ 50,000 ಕೊಟ್ಟಾಗಿದೆ. ಬ್ರೋಕರ್ ಶುಕ್ರವಾರ ಪೂರ್ತಿ ಕೊಡಿ ಅಂತಾರೆ. ಪತ್ರ ಕೇಳಿದ್ರೆ ಮಾಲೀಕರು "ಬ್ಯಾಂಕಲ್ಲಿದೆ, ಸ್ವಲ್ಪ ಲೋನ್ ಅಷ್ಟೇ" ಅಂದ್ರು. ಕರಾರಿನ ಫೋಟೋ ಹಾಕಿದ್ದೀನಿ.

ವಕೀಲರು: ನೋಡಿದೆ. ಶುಕ್ರವಾರ ಒಂದು ರೂಪಾಯಿಯೂ ಕೊಡಬೇಡಿ. ನಿಧಾನವಾಗಿ ಓದಿ, ಯಜಮಾನರಿಗೂ ಓದಿ ಹೇಳಿ.
ಕರಾರಿನ ತಲೆಬರಹ "ಬಾಡಿಗೆ ಕರಾರು ಪತ್ರ" ಅಂತಿದೆ. ಅವಧಿ 11 ತಿಂಗಳು. ನಿಮ್ಮ 18 ಲಕ್ಷವನ್ನು "ಮುಂಗಡ" ಅಂತ ಬರೆದಿದ್ದಾರೆ. ಭೋಗ್ಯ ಅನ್ನೋ ಮಾತೇ ಇಲ್ಲ. ಮನೆಯ ಗುರುತು "2ನೇ ಮಹಡಿ, ಪಶ್ಚಿಮ ದಿಕ್ಕಿನ ಬಾಗಿಲು" ಅಷ್ಟೇ. ಖಾತಾ ನಂಬರ್ ಇಲ್ಲ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಇಲ್ಲ. ಆರನೇ ಷರತ್ತು ನೋಡಿ: "ಸಾಲದಾತರಿಂದ ತೊಂದರೆ ಬಂದಲ್ಲಿ ಮಾಲೀಕರೇ ಜವಾಬ್ದಾರರು." ತೊಂದರೆ ಬರಬಹುದು ಅಂತ ಗೊತ್ತಿರುವವರು ಮಾತ್ರ ಈ ಸಾಲು ಬರೆಸ್ತಾರೆ. ಸಾಲ ಕಟ್ಟಲಾಗದ ಮನುಷ್ಯ ಜವಾಬ್ದಾರ ಆಗಿ ನಿಮಗೇನು ಸಿಗುತ್ತೆ?
ಕಾನೂನಿನಲ್ಲಿ ಭೋಗ್ಯ ಅಂದ್ರೆ ಅಡಮಾನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲೇ ಇದೆ. 59ನೇ ಕಲಮಿನ ಪ್ರಕಾರ ಸಾಲದ ಮೊತ್ತ 100 ರೂಪಾಯಿ ಇದ್ದರೂ ಅದು ನೋಂದಣಿ ಆಗಬೇಕು. ನಿಮ್ಮದು 18 ಲಕ್ಷ. ಮುದ್ರಾಂಕ ಶುಲ್ಕ ಉಳಿಸಲು ಎಲ್ಲರೂ ನೋಟರಿ ಹತ್ತಿರ ಮುಗಿಸ್ತಾರೆ. ನ್ಯಾಯಾಲಯಕ್ಕೆ ಹೋದಾಗ ಆ ಕಾಗದದಿಂದ ಮನೆಯ ಮೇಲೆ ಹಕ್ಕು ಸಾಧಿಸೋಕೆ ಆಗೋದಿಲ್ಲ.
ಅದಕ್ಕಿಂತ ದೊಡ್ಡ ಚಿಂತೆ ಬ್ಯಾಂಕಿನದು. ಮೊದಲು ಅಡ ಇಟ್ಟುಕೊಂಡವರಿಗೆ ಮೊದಲ ಹಕ್ಕು. ಮಾಲೀಕರು ಕಂತು ನಿಲ್ಲಿಸಿದರೆ ಅಡ ಇಟ್ಟ ಆಸ್ತಿ ಹಿಡಿದು ಸಾಲ ವಸೂಲಿ ಮಾಡುವ 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು 60 ದಿನದ ನೋಟಿಸ್ ಕೊಡುತ್ತದೆ. ಅದು ಹೋಗೋದು ಮಾಲೀಕರಿಗೆ, ನಿಮಗಲ್ಲ. ನಿಮಗೆ ಗೊತ್ತಾಗೋದು ಗೇಟಿಗೆ ಸ್ವಾಧೀನದ ನೋಟಿಸ್ ಅಂಟಿಸಿದ ದಿನ. ಆಮೇಲೆ ಮ್ಯಾಜಿಸ್ಟ್ರೇಟರ ಆದೇಶ ತಂದು ಮನೆ ಖಾಲಿ ಮಾಡಿಸ್ತಾರೆ. ಸಾಲ ವಸೂಲಾತಿ ನ್ಯಾಯಮಂಡಳಿಗೆ ನೀವು ಹೋಗಬಹುದು. ಆದರೆ ನೋಂದಣಿ ಆಗದ ಕಾಗದ, ಅದೂ ಬ್ಯಾಂಕಿನ ಅಡಮಾನ ಆದಮೇಲೆ ಬರೆದದ್ದು ಅಂದ್ರೆ, ಗೆಲ್ಲೋದು ಬಹಳ ಕಷ್ಟ. ಹೀಗೆ ಮಕ್ಕಳ ಪರೀಕ್ಷೆ ಹೊತ್ತಿನಲ್ಲಿ ಸಾಮಾನು ಬೀದಿಗೆ ಬಂದ ಮನೆಗಳನ್ನು ನೋಡಿದ್ದೀನಿ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.
ಇನ್ನು ಲಾಭದ ಲೆಕ್ಕ. ಭೋಗ್ಯ ಬಿಟ್ಟು ಬಾಡಿಗೆಗೆ ಹೋದರೆ ಏನಾಗುತ್ತೆ ನೋಡಿ. 14 ಲಕ್ಷ ಎಫ್‌ಡಿ ಇಟ್ಟರೆ 7% ಅಂದುಕೊಂಡು ವರ್ಷಕ್ಕೆ 98,000. ಒಡವೆ ಸಾಲದ ಬಡ್ಡಿ 10% ಅಂದುಕೊಂಡರೆ 40,000 ಉಳಿಯಿತು. ಒಟ್ಟು ತಿಂಗಳಿಗೆ 11,500. ಬಾಡಿಗೆ 18,000ಕ್ಕೆ ನಿಮ್ಮ ಕೈಯಿಂದ ಹೋಗೋದು 6,500 ಮಾತ್ರ, ಮೂರು ವರ್ಷಕ್ಕೆ 2 ಲಕ್ಷ 34 ಸಾವಿರ. ಇಷ್ಟು ಉಳಿಸೋಕೆ 18 ಲಕ್ಷ ಒಡ್ಡುತ್ತಿದ್ದೀರಿ.
ಇವತ್ತೇ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಆ ಮನೆಯ ಇಸಿ (ಮನೆ ಮೇಲಿನ ಸಾಲ ತೋರಿಸುವ ಋಣಭಾರ ಪತ್ರ) ತೆಗೆಸಿ. ಪತ್ರ ಬ್ಯಾಂಕಿನಲ್ಲಿಟ್ಟು ತಂದ ಸಾಲ ಕೆಲವು ಸಲ ಇಸಿಯಲ್ಲಿ ಕಾಣೋದಿಲ್ಲ. ಸೆರ್ಸಾಯ್ ಅನ್ನೋ ಕೇಂದ್ರದ ಅಡಮಾನ ದಾಖಲೆಯಲ್ಲೂ ಶುಲ್ಕ ಕಟ್ಟಿ ಹುಡುಕಬಹುದು.

ವಿಜಯನಗರ: ನಾವು ಎಷ್ಟೋ ವರ್ಷದಿಂದ ಭೋಗ್ಯದಲ್ಲೇ ಇದ್ದೇವೆ. ಏನೂ ಆಗಿಲ್ಲ. ಸುಮ್ನೆ ಬಡವರನ್ನು ಹೆದರಿಸಬೇಡಿ.

ವಕೀಲರು: ನಿಮ್ಮ ಮಾಲೀಕರು ಒಳ್ಳೆಯವರು, ಸಂತೋಷ. ನಿಮ್ಮ ಕಾಗದ ಒಳ್ಳೆಯದು ಅಂತ ಅದರಿಂದ ಆಗೋದಿಲ್ಲ.

ರಾಜಾಜಿನಗರ: 500 ರೂಪಾಯಿ ಛಾಪಾ ಕಾಗದ, ಇಬ್ಬರು ಸಾಕ್ಷಿ, ನೋಟರಿ ಸೀಲು ಇದ್ರೆ ಭೋಗ್ಯ ಪಕ್ಕಾ ಅಂತ ಒಂದು ವಿಡಿಯೋ ಇದೆ. ಹಾಕಲಾ?

ವಕೀಲರು: ಬೇಡ. ಮೇಲೆ ಬರೆದದ್ದನ್ನು ಓದಿ.

ದಾಸರಹಳ್ಳಿ: ಮೇಡಂ, ನೋಟರಿ ಸಾಕಾ?

ವಕೀಲರು: ಸಾಲದು.

ಎಚ್‌ಎಸ್‌ಆರ್: ಎಲ್ಲಾ ಸಮಸ್ಯೆ ಮಾಲೀಕರದ್ದೇ. ಹತ್ತು ತಿಂಗಳ ಅಡ್ವಾನ್ಸ್ ತಗೋತಾರೆ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡೀತಾರೆ.

ಯಲಹಂಕ: ಗೋಡೆ ತುಂಬ ಮೊಳೆ ಹೊಡೆದು ಹೋಗೋರಿಗೆ ಹಿಡೀಬಾರದಾ? ನಾನೂ ಮಾಲೀಕನೇ. ಎರಡು ತಿಂಗಳು ಬಾಡಿಗೆ ಕೊಡದೆ ರಾತ್ರೋರಾತ್ರಿ ಹೋದವರಿದ್ದಾರೆ.

ಶಿವಾಜಿನಗರ: ಬಾಡಿಗೆ ಲಾಭ ಅನ್ನೋರಿಗೆ ಒಂದು ಮಾತು. ಹೆಸರು ಕೇಳಿದ ತಕ್ಷಣ "ಮನೆ ಆಗೋಯ್ತು" ಅಂತಾರೆ. ಮಾಂಸ ಬೇಯಿಸ್ತೀರಾ ಅಂತ ಫೋನಲ್ಲೇ ಕೇಳ್ತಾರೆ. ನಾವು ಸಾಲ ಮಾಡಿ ಮನೆ ಕೊಂಡದ್ದು ಅದಕ್ಕೇ. ನಿಮ್ಮ 3.6% ಲೆಕ್ಕದಲ್ಲಿ ಇದು ಬರುತ್ತಾ?

ವಕೀಲರು: ಬರೋದಿಲ್ಲ. ನಿಮ್ಮ ಕಾರಣ ನನ್ನ ಲೆಕ್ಕಕ್ಕಿಂತ ದೊಡ್ಡದು.

ಯಲಹಂಕ: ನನ್ನ ಮನೆ, ಯಾರಿಗೆ ಕೊಡಬೇಕು ಅನ್ನೋದು ನನ್ನಿಷ್ಟ.

ಶಿವಾಜಿನಗರ: ಹಾಗಾದ್ರೆ ಬಾಡಿಗೆದಾರರು ಮೋಸ ಮಾಡ್ತಾರೆ ಅಂತ ಇಲ್ಲಿ ಬಂದು ಅಳಬೇಡಿ.

ನಿರ್ವಾಹಕರು: ಇಬ್ಬರೂ ಸಾಕು ಮಾಡಿ.

ನೆಲಮಂಗಲ: ಮೇಡಂ, ಬಿ ಖಾತಾ ಬಗ್ಗೆ ಕೇಳಿದ್ದೆ.

ದುಬೈ: ನಾನು ಊರಿಗೆ ಬರೋಕೆ ಆಗಲ್ಲ. ಅಣ್ಣನಿಗೆ ಜಿಪಿಎ (ನನ್ನ ಪರ ಸಹಿ ಹಾಕುವ ಅಧಿಕಾರ ಪತ್ರ) ಕೊಟ್ಟು ಮನೆ ಕೊಳ್ಳಬಹುದಾ?

ರಾಜಾಜಿನಗರ: ಆದ್ರೂ ಮೇಡಂ, ಆ 12 ವರ್ಷದ ಮೆಸೇಜಲ್ಲಿ ಸುಪ್ರೀಂ ಕೋರ್ಟ್ ಅಂತ ಬರೆದಿದೆ.

ವಕೀಲರು: ಯಾರು ಬೇಕಾದರೂ ಏನು ಬೇಕಾದರೂ ಬರೀಬಹುದು. ಇನ್ನೊಮ್ಮೆ ಇದಕ್ಕೆ ಉತ್ತರ ಕೊಡೋದಿಲ್ಲ.

ಕಾಮಾಕ್ಷಿಪಾಳ್ಯ: ಮೇಡಂ, ಸೈಬರ್‌ನಲ್ಲಿ ಇಸಿ ತೆಗೆಸಿದೆ. ಎರಡು ಸಾಲ ತೋರಿಸ್ತಿದೆ. 2019ರಲ್ಲಿ ಬ್ಯಾಂಕಿಂದ 35 ಲಕ್ಷ, 2022ರಲ್ಲಿ ಒಂದು ಫೈನಾನ್ಸ್‌ನಿಂದ 22 ಲಕ್ಷ. ಕೆಳಗಿನ ಮನೆಯವರನ್ನು ಮಾತಾಡಿಸಿದೆ. ಅವರೂ 15 ಲಕ್ಷಕ್ಕೆ ಭೋಗ್ಯವಂತೆ. ಅವರ ಹೆಸರು ಇಸಿಯಲ್ಲಿ ಇಲ್ಲ.

ವಿಜಯನಗರ: ಎರಡು ಸಾಲ ಇದ್ರೇನು, ಕಂತು ಸರಿಯಾಗಿ ಕಟ್ಟುತ್ತಿರಬಹುದಲ್ಲ?

ವಕೀಲರು: ಕಟ್ಟುತ್ತಿದ್ದರೆ ಸಾಲದ ಖಾತೆಯ ಸ್ಟೇಟ್‌ಮೆಂಟ್ ತೋರಿಸಲಿ. ನೀವು ಅವರ ಪರ ವಕಾಲತ್ತು ಮಾಡಬೇಡಿ, 18 ಲಕ್ಷ ನಿಮ್ಮದಲ್ಲ.
ಕಾಮಾಕ್ಷಿಪಾಳ್ಯದವರೇ, ಈ ಮನೆ ಬೇಡ. ಒಡವೆ ಇಟ್ಟಿದ್ದೀರಾ?

ಕಾಮಾಕ್ಷಿಪಾಳ್ಯ: ಇಲ್ಲ ಮೇಡಂ, ಗುರುವಾರ ಇಡೋಣ ಅಂತಿದ್ವಿ. ಟೋಕನ್ ಹೋಗುತ್ತಾ? ಫೋನ್‌ಪೇನಲ್ಲಿ ಕೊಟ್ಟಿದ್ದು.

ವಕೀಲರು: ಒಡವೆ ಬೀರುವಿನಲ್ಲೇ ಇರಲಿ. ಬ್ರೋಕರ್‌ಗೂ ಮಾಲೀಕರಿಗೂ ಈಗಲೇ ಮೆಸೇಜ್ ಹಾಕಿ, ಫೋನ್ ಮಾಡಬೇಡಿ: "ಮನೆಯ ಮೇಲೆ ಎರಡು ಸಾಲ ಇರುವುದನ್ನು ನಮಗೆ ಪೂರ್ತಿ ತಿಳಿಸಿಲ್ಲ. ಹಾಗಾಗಿ ಮನೆ ಬೇಡ. ಇಂಥ ದಿನ ಕೊಟ್ಟ 50,000 ವಾಪಸ್ ಕೊಡಿ." ಫೋನ್‌ಪೇ ರಸೀದಿಯನ್ನೂ ಜೊತೆಗೆ ಕಳಿಸಿ. ಕೊಡದಿದ್ದರೆ ವಕೀಲರ ನೋಟಿಸ್ ಕೊಡಿಸಬಹುದು. ಆ 50,000 ವಾಪಸ್ ಬರುತ್ತೆ ಅನ್ನೋ ಆಸೆಗೆ ಉಳಿದದ್ದನ್ನು ಮಾತ್ರ ಕೊಡಬೇಡಿ.
ಕೆಳಗಿನ ಮನೆಯವರಿಗೂ ಇಸಿ ತೋರಿಸಿ. ಅವರ ಕರಾರು, ದುಡ್ಡು ಕೊಟ್ಟ ದಾಖಲೆ ತೆಗೆದುಕೊಂಡು ಈ ವಾರವೇ ಯಾರಾದರೂ ವಕೀಲರನ್ನು ಕಾಣಲಿ. ನಿಮ್ಮ ದುಡ್ಡು ಇನ್ನೂ ನಿಮ್ಮ ಹತ್ತಿರ ಇದೆ, ಅವರದ್ದು ಆಗಲೇ ಹೋಗಿದೆ.