‘ರೆಡಿ ಪ್ಲೇಯರ್ ಒನ್’ ಓದುವ ಮುನ್ನ ಯಾವ ಆಟ ಆಡಿರಬೇಕು?

ಪ್ರಶ್ನೆ:
ಅರ್ನೆಸ್ಟ್ ಕ್ಲೈನ್ ಅವರ ‘ರೆಡಿ ಪ್ಲೇಯರ್ ಒನ್’ (2011) ಓದಬೇಕೆಂದಿದ್ದೇನೆ. ಕಥೆ ನಡೆಯುವುದು 2040ರ ದಶಕದಲ್ಲಿ, ಆದರೆ ಓಯಸಿಸ್ ಎಂಬ ವರ್ಚುವಲ್ ಲೋಕದ ತುಂಬ 1980ರ ಅಮೆರಿಕದ ಆಟ, ಸಿನಿಮಾಗಳೇ. ಟಿವಿಗೆ ಸಿಕ್ಕಿಸುತ್ತಿದ್ದ ಕ್ಯಾಸೆಟ್ ಗೇಮ್ ಗೊತ್ತು, ಅಟಾರಿ ಗೊತ್ತಿಲ್ಲ. ತಯಾರಿ ಬೇಕೆ? ಸಿನಿಮಾ ನೋಡಿದರೆ ಸಾಕೆ?

ಉತ್ತರ 1:
ಸಿನಿಮಾ ಸಾಲದು. ಓಯಸಿಸ್ ಕಟ್ಟಿದವನು ಅದರೊಳಗೆ ಒಂದು ರಹಸ್ಯ ಅಡಗಿಸಿಟ್ಟಿದ್ದಾನೆ, ಮೂರು ಕೀಲಿ ಹುಡುಕಿ ಅದನ್ನು ತಲುಪುವುದೇ ಕಥೆ. 2018ರ ಸ್ಪೀಲ್‌ಬರ್ಗ್ ಚಿತ್ರದಲ್ಲಿ ಮೊದಲ ಕೀಲಿಗೆ ಕಾರ್ ರೇಸ್ ಇದೆ. ಕಾದಂಬರಿಯಲ್ಲಿ ಅದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಾಭಿನಯದ ಆಟದ ಹಳೆಯ ಗೋರಿಯೊಳಗೆ ‘ಜೌಸ್ಟ್’ (1982) ಎಂಬ ವಿಡಿಯೊ ಗೇಮ್‌ನ ಪಂದ್ಯ. ಅದನ್ನು ಹತ್ತು ನಿಮಿಷ ಆಡಿ ನೋಡಿ. ಗುಂಡಿ ಒತ್ತಿದಷ್ಟು ಸಲ ಉಷ್ಟ್ರಪಕ್ಷಿ ರೆಕ್ಕೆ ಬಡಿಯುತ್ತದೆ, ಡಿಕ್ಕಿಯಾದಾಗ ಯಾರ ಈಟಿ ಮೇಲಿದೆಯೋ ಅವರದೇ ಗೆಲುವು, ಸಮನಾಗಿದ್ದರೆ ಇಬ್ಬರೂ ಪುಟಿದು ಹಿಂದೆ ಸರಿಯುತ್ತಾರೆ. ಇಷ್ಟು ಬೆರಳಿಗೆ ಗೊತ್ತಿದ್ದರೆ ಆ ಅಧ್ಯಾಯದ ಬಿಸಿ ತಟ್ಟುತ್ತದೆ. ‘ವಾರ್‌ಗೇಮ್ಸ್’ (1983) ಚಿತ್ರವನ್ನೂ ನೋಡಿಬಿಡಿ. ನಾಯಕ ಅದರ ಸಂಭಾಷಣೆಯನ್ನು ಬಾಯಿಪಾಠ ಒಪ್ಪಿಸಬೇಕಾಗುತ್ತದೆ.

ಉತ್ತರ 2:
ಒಂದೇ ಆಟಕ್ಕೆ ಸಮಯವಿದ್ದರೆ ಟಿವಿಗೆ ಜೋಡಿಸುವ ಅಟಾರಿ 2600 ಯಂತ್ರದ ‘ಅಡ್ವೆಂಚರ್’ ಆಡಿ. ಇಡೀ ಕಾದಂಬರಿಯ ಬೀಜ ಅದರಲ್ಲಿದೆ. ಅಟಾರಿ ಆಗ ಪ್ರೋಗ್ರಾಮರ್‌ಗಳ ಹೆಸರು ಹಾಕುತ್ತಿರಲಿಲ್ಲ, ಹಾಗಾಗಿ ಇದನ್ನು ರಚಿಸಿದ ವಾರೆನ್ ರಾಬಿನೆಟ್ ತಮ್ಮ ಹೆಸರನ್ನು 4 ಕೆಬಿ ಆಟದೊಳಗೇ ಅಡಗಿಸಿಟ್ಟರು.

ಆ ಹೆಸರು ಹುಡುಕುವ ಬಗೆ ಹೀಗೆ: ಹಳೆಯ ಅಟಾರಿ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಸ್ಟೆಲ್ಲಾ ಎಮ್ಯುಲೇಟರಿನಲ್ಲಿ ಎಫ್1 ಒತ್ತಿ 2ನೇ ಹಂತ ಆರಿಸಿ, ಎಫ್2 ಒತ್ತಿ ಶುರು ಮಾಡಿ. ಕಪ್ಪು ಕೋಟೆಯ ಚಕ್ರವ್ಯೂಹದಲ್ಲಿ ನಾಲ್ಕೂ ಕಡೆ ಮುಚ್ಚಿದ ಪುಟ್ಟ ಕೋಣೆಯಿದೆ. ಆಟದಲ್ಲಿ ಸಿಗುವ, ಹೊತ್ತೊಯ್ಯಬಹುದಾದ ಸೇತುವೆಯನ್ನು ಇಟ್ಟು ಒಳಹೊಕ್ಕರೆ ಒಂದೇ ಪಿಕ್ಸೆಲ್‌ನ ಬೂದು ಚುಕ್ಕೆ ಸಿಗುತ್ತದೆ. ನೆಲದ ಬಣ್ಣವೇ ಅದರದ್ದೂ ಆದ್ದರಿಂದ ಕಾಣುವುದಿಲ್ಲ, ತಡಕಾಡಬೇಕು. ಅದನ್ನು ಹಳದಿ ಕೋಟೆಯ ಕೆಳಗಿನ ಪರದೆಯಿಂದ ಬಲಕ್ಕಿರುವ ಪರದೆಗೆ ಒಯ್ಯಿರಿ. ಅಲ್ಲಿ ಇನ್ನೆರಡು ವಸ್ತುಗಳನ್ನೂ ಇಟ್ಟಿರಬೇಕು. ಬಲಗಡೆಯ ಸಣ್ಣ ಗೋಡೆ ಮಿನುಗತೊಡಗುತ್ತದೆ, ಆಗ ದಾಟಿಹೋದರೆ ಆ ಹೆಸರು ಕಾಣುತ್ತದೆ.

ಎಡವುವುದು ಎರಡು ಕಡೆ. ಕೈಯಲ್ಲಿ ಒಂದೇ ವಸ್ತು ನಿಲ್ಲುತ್ತದೆ, ಬೇರೊಂದಕ್ಕೆ ತಗುಲಿದರೆ ಚುಕ್ಕೆ ಬಿದ್ದುಹೋಗುತ್ತದೆ. ಜೊತೆಗೆ ಬಾವಲಿ ಬಂದು ನಿಮ್ಮ ಸೇತುವೆಯನ್ನೇ ಹೊತ್ತೊಯ್ಯಬಹುದು.

ಉತ್ತರ 3:
ಮೇಲಿನೆರಡೂ ಸರಿ. ಆದರೆ ಓದುವಾಗ ಪ್ರತಿ ಹೆಸರಿಗೂ ಗೂಗಲ್ ಮಾಡಬೇಡಿ, ಓಟ ಕೆಡುತ್ತದೆ. ಕಥೆಗೆ ಬೇಕಾದದ್ದನ್ನು ಕ್ಲೈನ್ ತಾವೇ ವಿವರಿಸುತ್ತಾರೆ, ಕೆಲವೊಮ್ಮೆ ಅತಿಯಾಗಿಯೇ. ಬರೀ ಪಟ್ಟಿಯಂತೆ ಬರುವ ಸಿನಿಮಾ, ಬ್ಯಾಂಡ್‌ಗಳ ಹೆಸರನ್ನು ದಾಟಿ ಮುಂದೆ ಹೋಗಿ. ಆ ಪುಟಗಳಲ್ಲಿ ಇಂಗ್ಲಿಷ್ ಓದು ತೊಡಕೆನಿಸಿದರೆ ನಟ ವಿಲ್ ವೀಟನ್ ಓದಿರುವ ಆಡಿಯೊಬುಕ್ ಕೇಳಿ. ಕಾದಂಬರಿಯೊಳಗೂ ಅವರ ಹೆಸರು ಬರುತ್ತದೆ, ಅಲ್ಲಿ ಅವರ ಧ್ವನಿ ಕೇಳುವುದೇ ಒಂದು ಖುಷಿ.