ಕಾರ್ಬೊರೇಟರ್ ತೊಳೆದು ಹಾಕಿದ ಮೇಲೆ ಎಂಜಿಬಿ ಕಾರಿನ ಐಡ್ಲಿಂಗ್ ಇಳಿಯುತ್ತಿಲ್ಲ

ತೀರ್ಥಹಳ್ಳಿಯವ:
ನಮಸ್ಕಾರ. ನಮ್ಮ ದೊಡ್ಡಪ್ಪನ 1967ರ ಎಂಜಿಬಿ ನಾಲ್ಕು ಮಳೆಗಾಲ ಅಡಿಕೆ ಕೊಟ್ಟಿಗೆಯಲ್ಲೇ ನಿಂತಿತ್ತು. ಆಕ್ಸಿಲರೇಟರ್ ಒತ್ತಿದರೆ ಅಲ್ಲೇ ಹಿಡಿದುಕೊಳ್ಳುತ್ತಿತ್ತು. ಎರಡೂ ಎಸ್‌ಯು ಕಾರ್ಬೊರೇಟರ್ ಬಿಚ್ಚಿ, ತುಕ್ಕು ತೆಗೆದು, ನಡುವಿನ ರಾಡ್ ಸಮೇತ ಮತ್ತೆ ಕೂರಿಸಿದೆ. ಈಗ ಐಡ್ಲಿಂಗ್ (ಪೆಡಲ್ ಒತ್ತದೆ ಇಂಜಿನ್ ಓಡುವ ವೇಗ) ನಿಮಿಷಕ್ಕೆ 1,800 ಸುತ್ತಿಗಿಂತ ಕೆಳಗೆ ಬರುತ್ತಿಲ್ಲ. ಐಡಲ್ ಸ್ಕ್ರೂ ಎರಡನ್ನೂ ಪೂರ್ತಿ ಸಡಿಲ ಮಾಡಿದರೂ ಅಷ್ಟೇ. ಮುಂದಿನ ವಾರ ಆಗುಂಬೆ ಘಾಟಿ ಇಳಿದು ಹೆಬ್ರಿಗೆ ಹೋಗಬೇಕು. ಎಲ್ಲಿ ತಪ್ಪಿದ್ದೇನೆ?

ಸಾಗರದಿಂದ:
ಚೋಕ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಫಾಸ್ಟ್ ಐಡಲ್ ಸ್ಕ್ರೂ (ಚೋಕ್ ಎಳೆದಾಗ ಐಡ್ಲಿಂಗ್ ಏರಿಸುವುದು) ಅದರ ಕ್ಯಾಮ್‌ಗೆ ತಾಗುತ್ತಿದ್ದರೆ ಹೀಗೇ ಆಗುತ್ತದೆ.

ತೀರ್ಥಹಳ್ಳಿಯವ:
ನೋಡಿದೆ ಅಣ್ಣ, ತಾಗುತ್ತಿಲ್ಲ. ನಡುವೆ ಸಣ್ಣ ಸಂದು ಕಾಣುತ್ತದೆ.

ಹಳೇ ಮೆಕ್ಯಾನಿಕ್, ಶಿವಮೊಗ್ಗ:
ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ 28 ವರ್ಷ ಅಂಬಾಸಡರ್ ಗಾಡಿಗಳ ಕೆಲಸ ಮಾಡಿದವನು ನಾನು. ಹಳೇ ಅಂಬಾಸಡರ್‌ನ 1489 ಸಿಸಿ ಇಂಜಿನ್, ನಿಮ್ಮ 1798 ಸಿಸಿ ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಒಂದೇ ಬಿ-ಸೀರೀಸ್ ವಂಶದವು. ಅಂಬಾಸಡರ್‌ಗೆ ಕಾರ್ಬೊರೇಟರ್ ಒಂದೇ, ನಿಮ್ಮದಕ್ಕೆ ಎರಡು. ತೊಂದರೆ ಇರುವುದು ಆ ಎರಡನ್ನು ಜೋಡಿಸುವ ರಾಡ್‌ನಲ್ಲೇ ಅನ್ನಿಸುತ್ತದೆ.

ಬಾನೆಟ್ ಎತ್ತಿ ಹತ್ತಿರದಿಂದ ನೋಡಿ. ಪ್ರತಿ ಥ್ರಾಟಲ್ ಸ್ಪಿಂಡಲ್ (ಗಾಳಿ ಬಿಡುವ ಬಿಲ್ಲೆ ತಿರುಗುವ ಕಡ್ಡಿ) ತುದಿಯಲ್ಲಿ ಒಂದು ಕವಲು ಇದೆ. ರಾಡ್‌ನ ಲಿವರ್‌ನಲ್ಲಿರುವ ಪಿನ್ ಆ ಕವಲಿನೊಳಗೆ ಕೂರುತ್ತದೆ. ಪೆಡಲ್‌ನಿಂದ ಕಾಲು ತೆಗೆದಾಗ ಪಿನ್ನಿಗೂ ಕವಲಿನ ಕೆಳ ಅಂಚಿಗೂ 0.012 ಇಂಚು, ಅಂದರೆ ಸುಮಾರು 0.3 ಮಿಲಿಮೀಟರ್ ಸಂದು ಇರಲೇಬೇಕು. ನೀವು ಪಿನ್ ಒತ್ತಿಕೊಂಡಿರುವಾಗಲೇ ಕ್ಲಾಂಪ್ ಬಿಗಿ ಮಾಡಿದ್ದೀರಿ. ಹಾಗಾಗಿ ಒಳಗಿನ ಬಿಲ್ಲೆಯನ್ನು ರಾಡೇ ತೆರೆದು ಹಿಡಿದಿದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಏನೂ ಆಗಲ್ಲ.

ಮೊದಲು ಆಕ್ಸಿಲರೇಟರ್ ಕೇಬಲ್ ಸಡಿಲ ಮಾಡಿ. ಆಮೇಲೆ ರಾಡ್‌ನ ಎರಡೂ ಕ್ಲಾಂಪ್ ಬೋಲ್ಟ್. ಬಿಲ್ಲೆಗಳು ಪೂರ್ತಿ ಮುಚ್ಚಿದಾಗ ಐಡಲ್ ಸ್ಕ್ರೂ ಸ್ಟಾಪ್‌ಗೆ ಆಗಷ್ಟೇ ತಾಗಬೇಕು. ಅಲ್ಲಿಂದ ಒಂದೂವರೆ ಸುತ್ತು ಒಳಗೆ ತಿರುಗಿಸಿ. ಇಂಜಿನ್ ಬಿಸಿಯಾದ ಮೇಲೆ ಏರ್ ಫಿಲ್ಟರ್ ತೆಗೆದು, ಒಂದು ಮೊಳ ರಬ್ಬರ್ ಪೈಪನ್ನು ಕಿವಿಗಿಟ್ಟು, ಒಂದೊಂದೇ ಕಾರ್ಬೊರೇಟರ್ ಬಾಯಿಗೆ ಹಿಡಿಯಿರಿ. ಬುಸ್ ಸದ್ದು ಎರಡರಲ್ಲೂ ಒಂದೇ ಆಗುವವರೆಗೆ ಸ್ಕ್ರೂ ಹೊಂದಿಸಿ. ಆತುರ ಬೇಡ, ನನಗೂ ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ನಂತರ ಇಂಜಿನ್ ಆಫ್ ಮಾಡಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಸಂದು ಅಳೆದು ಕ್ಲಾಂಪ್ ಬಿಗಿ ಮಾಡಿ. ಎರಡು ಕಡೆಯೂ ಸಂದು ಒಂದೇ ಇದ್ದರೆ ಎರಡೂ ಒಟ್ಟಿಗೇ ತೆರೆಯುತ್ತವೆ.

ಕೇಬಲ್ ಕೊನೆಗೆ. ಪೆಡಲ್‌ನಲ್ಲಿ ಸ್ವಲ್ಪ ಆಟ ಬಿಡಿ. ಮನೆಯವರೊಬ್ಬರನ್ನು ಕೂರಿಸಿ ಪೆಡಲ್ ತಳಕ್ಕೆ ಒತ್ತಿಸಿ, ಬಿಲ್ಲೆ ಪೂರ್ತಿ ತೆರೆಯುತ್ತದಾ ನೋಡಿ. ಬಿಟ್ಟ ತಕ್ಷಣ ಟಪ್ ಅಂತ ಮುಚ್ಚಬೇಕು. ರಿಟರ್ನ್ ಸ್ಪ್ರಿಂಗ್‌ಗಳಲ್ಲಿ ತುಕ್ಕು ಕಂಡರೆ ಸುಮ್ನೆ ತೊಳೆದು ಹಾಕಬೇಡಿ, ಹೊಸದು ತನ್ನಿ. ಆಗುಂಬೆಯ 14 ತಿರುವಿನಲ್ಲಿ ಥ್ರಾಟಲ್ ಹಿಡಿದುಕೊಂಡರೆ ಬ್ರೇಕ್ ಒಂದನ್ನೇ ನಂಬಬೇಕಾಗುತ್ತದೆ ಮಾರಾಯ್ರೇ. ಇದು ಸರಿಯಾಗುವವರೆಗೆ ಘಾಟಿ ಇಳಿಯಬೇಡಿ.

ತೀರ್ಥಹಳ್ಳಿಯವ:
ನೀವು ಹೇಳಿದ್ದೇ ಸರಿ ಸರ್. ಹಿಂದಿನ ಕಾರ್ಬೊರೇಟರ್‌ನ ಪಿನ್ ಕವಲಿಗೆ ಕಚ್ಚಿಕೊಂಡು ಕೂತಿತ್ತು, ಗೇಜ್ ತೂರಲೇ ಇಲ್ಲ. ಸಡಿಲ ಮಾಡಿ ಹೊಂದಿಸಿದೆ, ಈಗ 800ಕ್ಕೆ ನಿಲ್ಲುತ್ತಿದೆ. ಒಂದು ಸ್ಪ್ರಿಂಗ್‌ನ ಕೊಕ್ಕೆ ಸವೆದು ದಾರದಷ್ಟು ಆಗಿದೆ. ನಾಳೆ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುತ್ತೇನೆ, ಹೊಸದು ಸಿಕ್ಕ ಮೇಲೇ ಹೆಬ್ರಿ.