ಓಟು 1902ಕ್ಕೇ ಸಿಕ್ತು, ಪಾರ್ಲಿಮೆಂಟಿಗೆ ಹೋಗೋಕೆ 1943 ಯಾಕೆ ಬೇಕಾಯ್ತು? (ಆಸ್ಟ್ರೇಲಿಯಾ)

ಪರ್ತ್_ಅಮ್ಮ:
ಇಲ್ಲಿನ 50 ಡಾಲರ್ ನೋಟಿನ ಮೇಲೆ ಈಡಿತ್ ಕೋವನ್ ಅನ್ನೋರ ಚಿತ್ರ ಇದೆ, ಈ ದೇಶದಲ್ಲಿ ಶಾಸನಸಭೆಗೆ ಗೆದ್ದ ಮೊದಲ ಹೆಂಗಸು, 1921ರಲ್ಲಿ, ನಮ್ಮ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲೇ. ಮಗಳಿಗೆ ಸ್ಕೂಲಲ್ಲಿ ಅವರ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದಾರೆ, ಜೊತೆಗೆ ನಾನೂ ಓದ್ತಾ ಕೂತೆ. ಆದ್ರೆ ಅದು ರಾಜ್ಯದ ಸಭೆ, ಫೆಡರಲ್ ಪಾರ್ಲಿಮೆಂಟಿಗೆ ಹೆಂಗಸರು ಕಾಲಿಟ್ಟಿದ್ದು 1943ರಲ್ಲಂತೆ. ಓಟು ಹಾಕೋ ಹಕ್ಕು, ಎಲೆಕ್ಷನ್‌ಗೆ ನಿಲ್ಲೋ ಹಕ್ಕು ಎರಡೂ 1902ರಲ್ಲಿ ಒಂದೇ ಕಾನೂನಲ್ಲಿ ಸಿಕ್ಕಿತ್ತು. ಮತ್ತೆ ಈ 41 ವರ್ಷ? ಫಿನ್‌ಲ್ಯಾಂಡ್‌ನಲ್ಲಿ 1906ಕ್ಕೆ ಹಕ್ಕು ಸಿಕ್ಕಿ ಮಾರನೇ ವರ್ಷದ ಎಲೆಕ್ಷನ್‌ನಲ್ಲೇ 200ರಲ್ಲಿ 19 ಸೀಟು ಹೆಂಗಸರು ಗೆದ್ರು. ಇಲ್ಲಿನವ್ರು ನಿಲ್ಲಲೇ ಇಲ್ವಾ, ಇಲ್ಲಾ ಜನ ಓಟು ಹಾಕ್ಲಿಲ್ವಾ?

ಹಳೇಪೇಪರ್:
ನಿಂತಿದ್ರು ಮೇಡಂ, ಸಿಕ್ಕ ಮೊದಲ ಎಲೆಕ್ಷನ್‌ನಲ್ಲೇ. 1903ರಲ್ಲಿ ನಾಲ್ಕು ಜನ ಹೆಂಗಸರು ಕಣದಲ್ಲಿದ್ರು, ಅದ್ರಲ್ಲಿ ವಿಕ್ಟೋರಿಯಾದ ವೈಡಾ ಗೋಲ್ಡ್‌ಸ್ಟೈನ್ ಸೆನೆಟ್‌ಗೆ (ಅಲ್ಲಿನ ಮೇಲ್ಮನೆ) ನಿಂತು 51,497 ಓಟು ತಗೊಂಡ್ರು. ಗೆಲ್ಲೋಕೆ ಸಾಲದು, ಆದ್ರೆ ಜನ ಓಟೇ ಹಾಕ್ಲಿಲ್ಲ ಅಂತ ಹೇಳೋ ಹಾಗಿಲ್ಲ. ಒಟ್ಟು ಐದು ಸಲ ನಿಂತ್ರು, ಐದೂ ಸಲ ಪಕ್ಷೇತರ, ಯಾವ ಪಾರ್ಟಿಗೂ ಸೇರಲ್ಲ ಅಂತ ಹಠ. 1917ರಲ್ಲಿ ದೇಶಪೂರ್ತಿ ಯುದ್ಧದ ಗುಂಗಲ್ಲಿರೋವಾಗ ಯುದ್ಧ ಬೇಡ ಅಂತ ಹೇಳ್ಕೊಂಡು ನಿಂತು ಡೆಪಾಸಿಟ್ಟೂ ಹೋಯ್ತು.

ನನ್ನ ಪ್ರಕಾರ ತಡೆದಿದ್ದು ಮತದಾರ ಅಲ್ಲ, ಟಿಕೆಟ್. ಅಷ್ಟೊತ್ತಿಗೆ ಅಲ್ಲಿ ಪಾರ್ಟಿ ಇಲ್ದೆ ಗೆಲ್ಲೋದು ಕಷ್ಟ ಆಗ್ಬಿಟ್ಟಿತ್ತು, ಪಾರ್ಟಿಗಳು ಗೆಲ್ಲೋ ಕ್ಷೇತ್ರವನ್ನ ಹೆಂಗಸರಿಗೆ ಕೊಡ್ತಿರ್ಲಿಲ್ಲ, ಕೊಟ್ರೆ ಸೋಲೋದೇ ಗ್ಯಾರಂಟಿ ಇರೋ ಜಾಗ. ಫಿನ್‌ಲ್ಯಾಂಡ್‌ನಲ್ಲಿ ಪ್ರಮಾಣಾನುಸಾರ ಪದ್ಧತಿ (ಪಾರ್ಟಿಗೆ ಬಿದ್ದ ಓಟಿಗೆ ತಕ್ಕಷ್ಟು ಸೀಟು), ಒಂದು ಕ್ಷೇತ್ರದಿಂದ ಹಲವರು ಆಯ್ಕೆ ಆಗ್ತಿದ್ರು, ಗಂಡಸರ ಜೊತೆ ಹೆಂಗಸರ ಹೆಸರೂ ಹಾಕಿದ್ರೆ ಪಾರ್ಟಿಗೇನೂ ನಷ್ಟ ಇರ್ಲಿಲ್ಲ. ಅಂದಹಾಗೆ ಕೋವನ್ ಅವ್ರು 1921ರಲ್ಲಿ ಸೋಲಿಸಿದ್ದು ಯಾರನ್ನ ಗೊತ್ತಾ, ಅಟಾರ್ನಿ ಜನರಲ್ ಥಾಮಸ್ ಡ್ರೇಪರ್‌ನ. ಹಿಂದಿನ ವರ್ಷ ಹೆಂಗಸರೂ ನಿಲ್ಲಬಹುದು ಅನ್ನೋ ಮಸೂದೆ ತಂದಿದ್ದು ಇದೇ ಮಹಾನುಭಾವ! ಮಗಳ ಪ್ರಾಜೆಕ್ಟ್‌ಗೆ ಇದನ್ನ ಹಾಕ್ಸಿ.

ಕುಡ್ಲದ_ಜನ:
1943ರಲ್ಲಿ ಕೆಳಮನೆಗೆ ಗೆದ್ದ ಈನಿಡ್ ಲಯನ್ಸ್ ಪ್ರಧಾನಿಯ ಹೆಂಡತಿ ಅಲ್ವಾ ಮಾರಾಯ್ರೆ, ಗಂಡ ಜೋಸೆಫ್ ಲಯನ್ಸ್ ಅಧಿಕಾರದಲ್ಲಿ ಇರುವಾಗಲೇ 1939ರಲ್ಲಿ ತೀರಿ ಹೋದದ್ದು. ಅಂದ್ರೆ ಅನುಕಂಪದ ಟಿಕೆಟ್, ನಮ್ಮಲ್ಲಿ ಬೈ ಎಲೆಕ್ಷನ್‌ಗೆ ಕೊಡ್ತಾರಲ್ಲ ಹಾಗೆ. ನ್ಯೂಜಿಲೆಂಡ್‌ದೂ ಅದೇ ಕಥೆ, ಓಟು ಸಿಕ್ಕಿದ್ದು 1893, ಮೊದಲ ಸಂಸದೆ ಎಲಿಜಬೆತ್ ಮೆಕೂಂಬ್ಸ್ 1933ರಲ್ಲಿ ಗೆದ್ದದ್ದು ಗಂಡ ಸತ್ತು ಖಾಲಿಯಾದ ಸೀಟಲ್ಲೇ ಉಂಟು.

ಹಳೇಪೇಪರ್:
ಮೆಕೂಂಬ್ಸ್ ವಿಷ್ಯ ಸರಿ, ಲಯನ್ಸ್‌ಗೆ ಅದು ಅಷ್ಟು ಸಲೀಸಾಗಿ ಒಪ್ಪಲ್ಲ ಸಾರ್. ಗಂಡ ಹೋಗಿ ನಾಲ್ಕು ವರ್ಷ ಆಗಿತ್ತು, ಆ ಸೀಟೂ ಗಂಡನದ್ದಲ್ಲ. ಹೆಸರಿನ ಬಲ ಇತ್ತು, ಇಲ್ಲ ಅನ್ನಲ್ಲ, ಆದ್ರೆ ಆಯಮ್ಮ 1925ರಲ್ಲೇ ಟ್ಯಾಸ್ಮೇನಿಯಾ ಅಸೆಂಬ್ಲಿಗೆ ನಿಂತು ಕೂದಲೆಳೆಯಲ್ಲಿ ಸೋತಿದ್ರು, ಅದೇ ಎಲೆಕ್ಷನ್‌ನಲ್ಲಿ ಅವರ ಅಮ್ಮನೂ ಅಭ್ಯರ್ಥಿ! ಹನ್ನೆರಡು ಮಕ್ಕಳನ್ನ ಹೆತ್ತು ಊರೂರಿಗೆ ಹೋಗಿ ಭಾಷಣ ಮಾಡ್ತಿದ್ದವ್ರು. 1943ರಲ್ಲಿ ಡಾರ್ವಿನ್ ಕ್ಷೇತ್ರ (ಉತ್ತರದ ಊರಲ್ಲ, ಟ್ಯಾಸ್ಮೇನಿಯಾದಲ್ಲಿದ್ದ ಕ್ಷೇತ್ರ), ಎದುರಿಗೆ ಲೇಬರ್ ಪಾರ್ಟಿಯ ಎರಿಕ್ ರೀಸ್, ಆಮೇಲೆ ಆ ರಾಜ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಆದ ಮನುಷ್ಯ. ಮೊದಲ ಎಣಿಕೆಯಲ್ಲಿ ರೀಸ್ ಮುಂದೆ, ಪ್ರಿಫರೆನ್ಸ್ ಮತ (ಹಿಂದೆ ಬಿದ್ದವರ ಓಟು ಮತದಾರರ ಮುಂದಿನ ಆಯ್ಕೆಗೆ ಹೋಗುತ್ತೆ) ಹಂಚಿದ ಮೇಲೆ ಲಯನ್ಸ್ ದಾಟಿದ್ದು. ಅನುಕಂಪದ ಅಲೆ ಇದ್ದಿದ್ರೆ ಇಷ್ಟು ತಿಣುಕಾಟ ಯಾಕೆ?

1949ರಲ್ಲಿ ಪ್ರಧಾನಿ ಮೆನ್ಜಿಸ್ ಈ ಲಯನ್ಸ್ ಅವರನ್ನ ಕ್ಯಾಬಿನೆಟ್‌ಗೆ ತಗೊಂಡ, ಮೊದಲ ಮಹಿಳೆ ಅಂತ ಫೋಟೋ ಎಲ್ಲಾ ಆಯ್ತು, ಖಾತೆ ಮಾತ್ರ ಕೊಡ್ಲಿಲ್ಲ. 1951ಕ್ಕೆ ಆರೋಗ್ಯ ಕೆಟ್ಟು ಬಿಟ್ರು. ಅಲ್ಲಿಂದ 1966ರವರೆಗೆ ಕೆಳಮನೆಯಲ್ಲಿ ಒಬ್ಬ ಹೆಂಗಸೂ ಇಲ್ಲ.

ಧಾರವಾಡ_ಫೇಡೆ:
ನಮ್ಮ ಕಡೀದೂ ನೋಡ್ರಿ. ನಮ್ಮ ರಾಜ್ಯದಿಂದ ಲೋಕಸಭೆಗೆ ಮೊದಲ ಹೆಣ್ಣುಮಗಳು ಹೋಗಿದ್ದು 1962ರಾಗ, ಸರೋಜಿನಿ ಮಹಿಷಿ, ನಮ್ಮ ಧಾರವಾಡ ಉತ್ತರದಿಂದ. ಅದಕ್ಕೂ ಭಾಳ ಮೊದಲ, 1926ರಾಗ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಕೌನ್ಸಿಲ್‌ಗೆ ನಿಂತು ಸ್ವಲ್ಪದ್ರಾಗ ಸೋತಿದ್ರು. ಕುಡ್ಲದವ್ರು ತಮ್ಮ ಊರಿನವರನ್ನ ಬಿಟ್ಟು ನ್ಯೂಜಿಲೆಂಡ್‌ಗೆ ಹೋಗ್ಯಾರ 😄

ಇನ್ನೊಂದು ಮಾತ್ರೀ ಪರ್ತ್ ಅಕ್ಕಾರ, 1902ರ ಕಾನೂನು ಎಲ್ಲಾ ಹೆಂಗಸರಿಗೂ ಅಲ್ಲ. ಅಲ್ಲಿನ ಮೂಲನಿವಾಸಿಗಳನ್ನ ಅದರಾಗ ಹೊರಗ ಇಟ್ಟಿದ್ರು, ಏಷ್ಯಾ ಆಫ್ರಿಕಾದವರನ್ನೂ ಸೈತ. ಭಾರತದಿಂದ ಹೋದವರಿಗೆ 1925ಕ್ಕ ಓಟು ಸಿಕ್ತು, ಮೂಲನಿವಾಸಿಗಳಿಗೆ ಪೂರ್ತಿ ಸಿಕ್ಕಿದ್ದು 1962ಕ್ಕ. ಅವರ ಪೈಕಿ ಹೆಣ್ಣುಮಗಳು ಸೆನೆಟ್‌ಗೆ ಹೋಗಿದ್ದು 2013, ನೋವಾ ಪೆರಿಸ್. ಕೆಳಮನೆಗೆ 2016, ಲಿಂಡಾ ಬರ್ನಿ. ನೀವು 41 ವರ್ಷ ಅಂತೀರಿ, ಇವರದ್ದು ಎಷ್ಟಾತು?

ಪರ್ತ್_ಅಮ್ಮ:
ನಮ್ಮವ್ರಿಗೂ ಓಟಿರ್ಲಿಲ್ಲ ಅನ್ನೋದು ನಂಗೆ ಹೊಸ ವಿಷಯ, ಥ್ಯಾಂಕ್ಸ್. ಲಯನ್ಸ್ ಜೊತೆಗೇ ಸೆನೆಟ್‌ಗೆ ಡೊರೊಥಿ ಟ್ಯಾಂಗ್ನಿ ಅಂತ ಇನ್ನೊಬ್ರು ಗೆದ್ರಲ್ಲ, ನಮ್ಮ ಪರ್ತ್‌ನವ್ರು, ಅವರ ಕಥೆ ಏನು? ಲೇಬರ್‌ನವ್ರು ಅವ್ರಿಗೆ ಗೆಲ್ಲೋ ಜಾಗ ಕೊಟ್ರಾ?

ಹಳೇಪೇಪರ್:
ಆ ವರ್ಷ ಲೇಬರ್ ಗಾಳಿ ಹೆಂಗಿತ್ತಂದ್ರೆ ಸೆನೆಟ್‌ನ 19ಕ್ಕೆ 19 ಸೀಟೂ ಅವ್ರದ್ದೇ, ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಗೆದ್ರು. ಟ್ಯಾಂಗ್ನಿ ಟೀಚರ್ ಆಗಿದ್ದವ್ರು, ಅದಕ್ಕೂ ಮುಂಚೆ ನಿಂತು ಸೋತಿದ್ರು. 1968ರವರೆಗೆ ಸೆನೆಟ್‌ನಲ್ಲಿದ್ರು, ಹೆಚ್ಚುಕಮ್ಮಿ 25 ವರ್ಷ, ಒಂದು ದಿನಕ್ಕೂ ಮಂತ್ರಿ ಮಾಡ್ಲಿಲ್ಲ. 1967ರ ಎಲೆಕ್ಷನ್‌ನಲ್ಲಿ ಅವರದ್ದೇ ಪಾರ್ಟಿ ಹೆಸರನ್ನ ಪಟ್ಟಿಯಲ್ಲಿ ಕೆಳಕ್ಕೆ ತಳ್ಳಿತು, ಸೋತ್ರು. ಆಮೇಲೆ ಪರ್ತ್‌ನಲ್ಲಿ ಒಂದು ಕ್ಷೇತ್ರಕ್ಕೆ ಟ್ಯಾಂಗ್ನಿ ಅಂತ ಹೆಸರಿಟ್ರು, ನೀವು ಬೋರ್ಡ್ ನೋಡಿರ್ತೀರ. 1974ರಿಂದ ಎಲೆಕ್ಷನ್ ನಡೀತಿದೆ ಅಲ್ಲಿ, ಇಲ್ಲಿಯವರೆಗೆ ಗೆದ್ದವ್ರೆಲ್ಲ ಗಂಡಸ್ರೇ.